ಗಾಡಿ ಬಿಡ್ಬೇಡಿ

ಡೊಂಬಿವಲಿ ಪೂರ್ವ
23 ಜೂನ್ 2024

…ಬಿಡ್ಬೇಡಿ, ಏನಾದರೂ ಬಿಡ್ಬೇಡಿ ಎಂದಿರೋ, ಅಥವಾ ಬಿಡ್ಬೇಡಿ ಮಾರಾಯ್ರೆ, ಕೆಟ್ಟೀತು ಎಂದಿರೋ, ಸರ್ವೋತ್ತಮರೆ, ಮಾತಿನ ಬಾಲ ನನಗೆ ಸರಿಯಾಗಿ ನೆನಪಾಗುತ್ತಿಲ್ಲ. ಹಿಂದಿನಿಂದ ಕಂಟೇನರ್ ಲಾರಿಯೊಂದು ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು. ತಲೆ ಮಾತ್ರ ನೆನಪಿದೆ. ಗಾಡಿ ಬಿಡ್ಬೇಡಿ.

ಫೋನ್ ಮಾಡಿ ಕೇಳಬಹುದಿತ್ತು. ಆದರೆ ನಮ್ಮಿಬ್ಬರ ನಡುವೆ ಕೆಟ್ಟದ್ದು ಫೋನಿನಲ್ಲೇ ಆಯಿತು. ಅದಕ್ಕೆ ಕಾಗದ ತೆಗೆದುಕೊಂಡೆ. ಕನ್ನಡ ಸಂಘದ ಗೋಡೆಪತ್ರಿಕೆಗೆ ಇಬ್ಬರೂ ಬರೆಯುತ್ತಿದ್ದ ಕಾಲದ ಅಭ್ಯಾಸ ಕೈಯಿಂದ ಪೂರ್ತಿ ಹೋಗಿಲ್ಲ ಎಂದುಕೊಂಡಿದ್ದೇನೆ.

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ಠಾಣೆಯ ವಿಮಾ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಪರರ ಕ್ಲೇಮುಗಳನ್ನು ಓದಿದವನಿಗೆ ಬೇರೆ ರೀತಿ ಬರೆಯಲು ಬರುವುದಿಲ್ಲ.

ಕಳೆದ ದಸರೆಗೆ ಕಾರು ಬಂತು. ಸಂಕ್ರಾಂತಿಯ ಹೊತ್ತಿಗೆ ಸಪ್ಪಳ ಶುರುವಾಯಿತು. ಬೆಳಗ್ಗೆ ಚಾಲೂ ಮಾಡಿದ ಕೂಡಲೇ ಡಬ್ಬಿಯಲ್ಲಿ ಕಡಲೆ ಅಲ್ಲಾಡಿಸಿದ ಹಾಗೆ, ಮೊದಲು ನಾಲ್ಕು ಸೆಕೆಂಡು, ಆಮೇಲೆ ಹತ್ತು, ಆಮೇಲೆ ಸೊಸೈಟಿಯ ಗೇಟು ದಾಟುವವರೆಗೂ. ಮಹಾಪೆಯ ನಿಮ್ಮ ವರ್ಕ್‌ಶಾಪಿಗೆ ಮೂರು ಸಲ ತಂದೆ. ಮೂರು ಸಲವೂ ನೀವೇ ಬಾನೆಟ್ ಎತ್ತಿ, ತಲೆ ವಾರೆ ಮಾಡಿ ಕೇಳಿ, ಜಾಬ್ ಕಾರ್ಡಿನಲ್ಲಿ ಒಂದೇ ಮಾತು ಬರೆದಿರಿ: ಸದ್ದು ಸಹಜ. ನೀವು ಹೇಳಿದ ಮೇಲೆ ಸಹಜವೇ ಇರಬೇಕು ಎಂದುಕೊಂಡು ಕಿಟಕಿ ಏರಿಸಿ, ರೇಡಿಯೊ ಹಚ್ಚಿ ಓಡಾಡಿದೆ.

ಜೂನ್ ಎಂಟು, ಶನಿವಾರ. ನಮ್ಮಾಕೆ ಕಾಂಚನಾಳ ಅಣ್ಣ ಶಂಕ್ರೆಪ್ಪನವರು ಜಮಖಂಡಿಯಿಂದ ಬಂದಿದ್ದರು. ಐರೋಲಿಯಲ್ಲಿರುವ ಅವರ ಬೀಗರ ಮನೆಗೆ ಅಣ್ಣ ತಂಗಿ ಇಬ್ಬರನ್ನೂ ಕರೆದುಕೊಂಡು ಹೊರಟಿದ್ದೆ. ಕಾಟೈ ನಾಕಾ ದಾಟಿದ ಮೇಲೆ ಎಣ್ಣೆಯ ಕೆಂಪು ದೀಪ ಹತ್ತಿತು. ಬದಿಗೆ ನಿಲ್ಲಿಸಿ ವರ್ಕ್‌ಶಾಪಿನ ಕೌಂಟರಿಗೆ ಫೋನ್ ಮಾಡಿದೆ. ನೀವೇ ಎತ್ತಿದಿರಿ. ಗಾಡಿ ಬಿಡ್ಬೇಡಿ ಎಂದಿರಿ.

ನಮ್ಮ ಕಡೆ ಗಾಡಿ ಹೊಡೆಯುತ್ತಾರೆ, ಇಲ್ಲವೇ ನಡೆಸುತ್ತಾರೆ. ಬಿಡುವುದೆಂದರೆ ಇದ್ದಲ್ಲಿ ಬಿಟ್ಟು ಹೋಗುವುದು. ರಸ್ತೆಯಲ್ಲಿ ಬಿಡಬೇಡಿ ಎಂದಿದ್ದಾರೆಂದು ನಾನು ಗಾಡಿಯನ್ನು ನಿಮ್ಮ ಕಡೆಗೇ ಹೊಡೆದುಕೊಂಡು ಬಂದೆ. ಶಿಳ್‌ಫಾಟಾ ದಾಟಿ ಮಹಾಪೆಯ ಏರು ಹತ್ತುವಾಗ ಇಂಜಿನ್ ಒಳಗೆ ಏನೋ ಕಚ್ಚಿಕೊಂಡಂತಾಗಿ ಪೂರಾ ನಿಂತಿತು.

ಈಗ ಕಂಪನಿಯ ಕಾಗದ ಬಂದಿದೆ. ದೀಪ ಹತ್ತಿದ ಮೇಲೂ, ಓಡಿಸಬಾರದೆಂದು ಸಿಬ್ಬಂದಿ ಸ್ಪಷ್ಟವಾಗಿ ತಿಳಿಸಿದ ಮೇಲೂ ಗ್ರಾಹಕರು ಓಡಿಸಿದ್ದರಿಂದ ವಾರಂಟಿ ಅನ್ವಯಿಸುವುದಿಲ್ಲವಂತೆ. ಆ ಸಿಬ್ಬಂದಿ ನೀವು. ಆ ವರದಿ ನಿಮ್ಮದೇ? ನಮ್ಮ ಇಪ್ಪತ್ತೆರಡು ವರ್ಷದ ಪರಿಚಯದಲ್ಲಿ ನಿಮಗೆ ಇಂಥ ಪ್ರಶ್ನೆ ಕೇಳುತ್ತೇನೆಂದು ತಿಳಿದಿರಲಿಲ್ಲ.

ಉತ್ತರಕ್ಕೆ ಕಾಯುತ್ತಿರುವ,
ಗುರುವಪ್ಪ


ಐರೋಲಿ
30 ಜೂನ್ 2024

ಗುರುವಪ್ಪನವರೆ,

ನಿಮ್ಮ ಲಕೋಟೆ ನೋಡಿ ಸತ್ಯಭಾಮಾ ಹೆದರಿದಳು. ‘ಕೈಯಲ್ಲಿ ಬರೆದ ಕಾಗದ ಈಗ ಯಾರು ಹಾಕ್ತಾರೆ? ಯಾರಿಗೆ ಎಂತ ಆಯ್ತು?’ ಎಂದಳು. ‘ಎಂತ ಆಗ್ಲಿಲ್ಲ, ಒಂದು ಇಂಜಿನ್ ಸತ್ತದ್ದು’ ಎಂದೆ. ‘ಮತ್ತೆ ನಿಮ್ಮ ಮುಖ ಎಂತಕ್ಕೆ ಹಾಗೆ?’ ಎಂದಳು.

ಹೌದು, ವರದಿ ನನ್ನದೇ. ಗಾಡಿ ಬಿಡಬಾರದೆಂದು ಗಿರಾಕಿಗೆ ಹೇಳಿದ್ದೆ ಎಂದು ನಾನು ಹೇಳಿದೆ, ಮ್ಯಾನೇಜರ್ ಇಂಗ್ಲಿಷಿನಲ್ಲಿ ಬರೆದುಕೊಂಡರು. ಹೇಳುವಾಗ ನಿಮ್ಮ ಮೇಲೆ ಹೇಳುತ್ತಿದ್ದೇನೆ ಎಂದು ಅನ್ನಿಸಲಿಲ್ಲ. ಗಿರಾಕಿ ಎಂಬ ಪದದ ಹಿಂದೆ ಯಾರ ಮುಖವೂ ಕಾಣುವುದಿಲ್ಲ. ಕಾಣಬೇಕಿತ್ತು.

ನಿಮಗೆ ಹೇಳದ ಇನ್ನೊಂದು ಸಂಗತಿ ಇದೆ. ಮಾರ್ಚಿನಲ್ಲಿ ನೀವು ಎರಡನೆಯ ಸಲ ಬಂದಾಗ ಆ ಸದ್ದು ನನಗೆ ಕೇಳಿತ್ತು. ಅದು ಸಹಜದ್ದಲ್ಲ. ಎಣ್ಣೆ ಮೇಲಿನವರೆಗೆ ಸರಿಯಾಗಿ ಏರುತ್ತಿರಲಿಲ್ಲ, ಒಳಗೆ ಚೈನು ಒಣಗಿ ಬಡಿದುಕೊಳ್ಳುತ್ತಿತ್ತು. ಮೂವತ್ತು ವರ್ಷ ಇಂಜಿನಿಗೆ ಕಿವಿ ಕೊಟ್ಟವನು, ತಿಳಿಯದೆ ಇರುತ್ತದೆಯೇ? ಆದರೆ ವಾರಂಟಿಯಲ್ಲಿ ಇಂಜಿನ್ ಬಿಚ್ಚಬೇಕಾದರೆ ಮೇಲಿನವರ ಒಪ್ಪಿಗೆ ಬೇಕು. ಅವರು ಒಪ್ಪದಿದ್ದರೆ ಬಿಚ್ಚಿದ್ದು ವರ್ಕ್‌ಶಾಪಿನ ತಲೆಯ ಮೇಲೆ. ಆ ತಿಂಗಳು ನಾನು ಕಳಿಸಿದ ಎರಡು ಗಾಡಿಯ ಕ್ಲೇಮುಗಳು ಹಾಗೆಯೇ ವಾಪಸು ಬಂದಿದ್ದವು. ಮೂರನೆಯದು ನನ್ನ ಗೆಳೆಯರದ್ದು ಎಂದು ಮ್ಯಾನೇಜರಿಗೆ ಗೊತ್ತಿತ್ತು. ‘ಕ್ಯಾ ಅಣ್ಣಾ, ದೋಸ್ತ್ ಕೋ ನಯಾ ಇಂಜಿನ್ ಗಿಫ್ಟ್?’ ಎಂದರು, ನಗುತ್ತಾ. ನಾನೂ ನಕ್ಕೆ. ಸಹಜ ಎಂದು ಬರೆದೆ. ಮುಂದಿನ ಸರ್ವಿಸಿನಲ್ಲಿ ನೋಡುವ ಎಂದುಕೊಂಡೆ. ಮೂರನೆಯ ಸಲ ನೀವು ಬಂದಾಗ ಮೊದಲಿನ ಎರಡು ಕಾರ್ಡುಗಳೇ ನನ್ನ ಎದುರಿಗಿದ್ದವು. ಅದನ್ನೇ ಬರೆದೆ.

ಈಗ ಮಾಡಬಹುದಾದದ್ದು ಇಷ್ಟು. ಕೌಂಟರಿನ ಫೋನಿಗೆ ಬರುವ ಮಾತೆಲ್ಲ ರೆಕಾರ್ಡ್ ಆಗುತ್ತದೆ. ನೀವು ಮುಖ್ಯ ಕಚೇರಿಗೆ ಬರೆಯಿರಿ, ಆ ದಿನದ ರೆಕಾರ್ಡ್ ತೆಗೆಸಿ ಕೇಳಿ ಎಂದು ಒತ್ತಾಯ ಮಾಡಿ. ನಾನು ಹೇಳಿದ್ದು ಅದರಲ್ಲಿ ಇದೆ. ನೀವು ಏನು ತಿಳಿದುಕೊಂಡಿರಿ ಎಂಬುದನ್ನು ನೀವೇ ಬರೆಯಬೇಕು. ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಸತ್ಯಭಾಮಾ ನಿಮ್ಮಿಬ್ಬರನ್ನೂ ಕೇಳಿದ್ದಾಳೆ.

ನಿಮ್ಮವನೇ ಎಂದುಕೊಂಡಿರುವ,
ಸರ್ವೋತ್ತಮ


ಡೊಂಬಿವಲಿ ಪೂರ್ವ
11 ಜುಲೈ 2024

ಸರ್ವೋತ್ತಮರೆ,

ಮುಖ್ಯ ಕಚೇರಿಗೆ ಬರೆದ ಕಾಗದದ ನಕಲು ಇದರೊಂದಿಗಿದೆ. ನಡುವಿನ ಒಂದು ಪ್ಯಾರಾ ನೋಡಿ. ‘ನಾನು ಉತ್ತರ ಕರ್ನಾಟಕದವನು. ನಮ್ಮ ಭಾಗದ ಕನ್ನಡದಲ್ಲಿ ವಾಹನವನ್ನು ಬಿಡುವುದು ಎಂದರೆ ತೊರೆದು ಹೋಗುವುದು. ನಿಮ್ಮ ಸಿಬ್ಬಂದಿ ಕರಾವಳಿಯವರು. ಅವರ ಕನ್ನಡದಲ್ಲಿ ಅದೇ ಪದಕ್ಕೆ ಓಡಿಸುವುದು ಎಂಬ ಅರ್ಥವಿದೆ.’ ಮಿಕ್ಕದ್ದು ತಾರೀಖುಗಳು, ಮೂರು ಜಾಬ್ ಕಾರ್ಡುಗಳ ನಂಬರುಗಳು. ಸದ್ದಿನ ಬಗ್ಗೆ ನೀವು ಬರೆದುದನ್ನು ಸೇರಿಸಿಲ್ಲ. ಅದು ನನಗೆ ಬರೆದದ್ದು.

ಇಂಗ್ಲಿಷಿನಲ್ಲಿ ಟೈಪ್ ಮಾಡಿದವಳು ಮಗಳು ಪ್ರಾಜಕ್ತಾ. ಅವಳಿಗೆ ನಮ್ಮ ಮಾತು ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಈ ಪ್ಯಾರಾ ಬಂದಾಗ ಕೀಲಿಮಣೆಯ ಮೇಲಿಂದ ಕೈ ತೆಗೆದು, ‘ಪಪ್ಪಾ, ಸಚ್ ಮೇ ಸಮಝಾ ನಹೀ ಥಾ ಕ್ಯಾ?’ ಎಂದಳು. ನನಗೆ ನಿಜವಾಗಿಯೂ ತಿಳಿದಿರಲಿಲ್ಲವೇ ಎಂದು. ವಾಕ್ಯದ ಕೊನೆಯಲ್ಲಿ ಚುಕ್ಕೆ ಬಿಟ್ಟುಹೋಗಿತ್ತು. ಅದನ್ನು ತೋರಿಸಿದೆ.

ಕಾರು ನಿಮ್ಮ ವರ್ಕ್‌ಶಾಪಿನ ಹಿಂದಿನ ಶೆಡ್ಡಿನಲ್ಲೇ ಇದೆಯಲ್ಲ. ಮಳೆಯ ನೀರು ಅಲ್ಲಿಯವರೆಗೆ ಬರುವುದಿಲ್ಲ ತಾನೆ? ಶಂಕ್ರೆಪ್ಪನವರು ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ತಂಗಿಯ ಕ್ಷೇಮ ಕೇಳಿದ ಮೇಲೆ ನನ್ನನ್ನು ಕರೆಯುತ್ತಾರೆ. ಸಪ್ಪಳದ ಕಾರಿಗೆ ಅವರಿಟ್ಟ ಹೆಸರು ಗಿರಣಿ. ‘ಏನ್ರೀ ಸಾಹೇಬ್ರ, ನಿಮ್ಮ ಗಿರಣಿ ಇನ್ನೂ ಬಂದ್ ಐತೇನ್ರಿ? ಹಿಟ್ಟು ಬೀಸಾಕ ಮಂದಿ ಪಾಳೇ ಹಚ್ಚ್ಯಾರಂತಲ್ಲ!’ ಅವರ ನಗು ಮುಗಿಯುವವರೆಗೆ ಫೋನ್ ಹಿಡಿದುಕೊಂಡಿರುತ್ತೇನೆ.

ನಿಮಗೆ ಇದರಿಂದ ತೊಂದರೆ ಆಗಲಿಕ್ಕಿಲ್ಲ ಎಂದು ನನ್ನ ನಂಬಿಕೆ. ಎರಡು ಊರಿನ ಮಾತಿನ ವ್ಯತ್ಯಾಸ ಅಷ್ಟೇ. ಅದರಲ್ಲಿ ಯಾರ ತಪ್ಪೂ ಇಲ್ಲ.

ಹಾಗೆಂದುಕೊಂಡಿರುವ,
ಗುರುವಪ್ಪ


ಐರೋಲಿ
5 ಸೆಪ್ಟೆಂಬರ್ 2024

ಗುರುವಪ್ಪನವರೆ,

ನಿಮ್ಮ ಇಂಜಿನ್ ಮಂಜೂರಾಗಿದೆ. ಫ್ಯಾಕ್ಟರಿಯಿಂದ ಬರಲು ಮೂರು ವಾರ, ಕೂರಿಸಲು ಒಂದು ವಾರ. ಕಾಂಚನಾ ಅವರಿಗೆ ಮೊದಲು ಇದನ್ನು ಹೇಳಿ.

ಹೇಗಾಯಿತು ಎಂದು ನೀವು ತಿಳಿಯಬೇಕು. ರೆಕಾರ್ಡನ್ನು ಅವರು ಬೆಂಗಳೂರಿನ ಕಚೇರಿಗೆ ಕಳಿಸಿ ಇಂಗ್ಲಿಷ್ ಮಾಡಿಸಿದರು. ಅಲ್ಲಿಯ ಯಾರೋ ‘ವಾಹನವನ್ನು ಬಿಟ್ಟು ಹೋಗಬೇಡಿ’ ಎಂದು ಬರೆದುಕೊಟ್ಟಿದ್ದಾರೆ. ಅವರ ಕಿವಿಗೆ ಹಾಗೆಯೇ ಕೇಳುವುದು ಸರಿ. ಆಮೇಲೆ ಇಬ್ಬರು ಬಂದು ನನ್ನನ್ನು ಒಳಗೆ ಕೂರಿಸಿದರು. ಎ.ಸಿ. ಬಹಳ ಜೋರಿತ್ತು. ನಮ್ಮ ಕಡೆ ಅದಕ್ಕೆ ಓಡಿಸುವುದು ಎಂಬ ಅರ್ಥ ಎಂದು ಹೇಳಿದೆ. ಒಪ್ಪಿದರು. ಒಬ್ಬರು ಚಿಕ್ಕ ಪ್ರಾಯದವರು, ಒಳ್ಳೆಯವರು. ನನ್ನನ್ನು ಉಳಿಸಬೇಕೆಂದೇ ಇರಬೇಕು, ‘ನೀವು ಬಳಸಿದ ಅರ್ಥ ಈ ಗಿರಾಕಿಗೆ ಮೊದಲೇ ಗೊತ್ತಿತ್ತೇ?’ ಎಂದು ಕೇಳಿದರು. ಗೊತ್ತಿತ್ತು ಎಂದಾದರೆ ನನ್ನ ಸೂಚನೆ ಸರಿ, ವಾರಂಟಿ ಇಲ್ಲ. ಗೊತ್ತಿರಲಿಲ್ಲ ಎಂದಾದರೆ ಸೂಚನೆ ತಪ್ಪು, ಇಂಜಿನ್ ಅವರು ಕೊಡಬೇಕು.

ಇಲ್ಲ ಎಂದೆ.

ಹಾಗಾದರೆ ತಪ್ಪು ನಿಮ್ಮದೆಂದಾಯಿತಲ್ಲ ಎಂದರು. ಹಾಗೆಯೇ ಆಗುತ್ತದೆ ಎಂದೆ. ರಾಜೀನಾಮೆ ಬರೆದುಕೊಟ್ಟರೆ ಹತ್ತೊಂಬತ್ತು ವರ್ಷದ ಹೆಸರು ಕೆಡುವುದಿಲ್ಲ ಎಂದು ಮ್ಯಾನೇಜರ್ ಹೇಳಿದರು. ಬರೆದುಕೊಟ್ಟೆ. ಸಂಜೆ ಹುಡುಗರು ವಡಾಪಾವ್ ತರಿಸಿದರು. ‘ಅಣ್ಣಾ, ತುಮ್ಹಾರೀ ಹೀ ಭಾಷಾ ನೇ ತುಮ್ಕೋ ಠೋಕ್ ದಿಯಾ’ ಎಂದ ಒಬ್ಬ. ನನ್ನದೇ ಭಾಷೆ ನನಗೆ ಗುದ್ದಿತಂತೆ. ಎಲ್ಲರೂ ನಕ್ಕರು. ಮಾತು ಚೆನ್ನಾಗಿತ್ತು, ನಾನೂ ನಕ್ಕೆ.

ನೀವು ಬೇಸರ ಮಾಡಿಕೊಳ್ಳಬೇಡಿ. ಮೂರು ಸಲ ಸಹಜ ಎಂದು ಬರೆದ ಕೈ ನನ್ನದೇ. ಎಲ್ಲೋ ಒಂದು ಕಡೆ ಅದು ಸರಿಯಾಗಬೇಕಿತ್ತು.

ಸರ್ವೋತ್ತಮ


ಡೊಂಬಿವಲಿ ಪೂರ್ವ
20 ಅಕ್ಟೋಬರ್ 2024

ಸರ್ವೋತ್ತಮರೆ,

ನಾಲ್ಕು ಸಲ ಫೋನ್ ಮಾಡಿದೆ. ಎರಡು ಸಲ ನೀವು ಎತ್ತಲಿಲ್ಲ. ಎರಡು ಸಲ ಸತ್ಯಭಾಮಾ ಅವರು ಎತ್ತಿ, ‘ಅವ್ರು ಹೊರಗೆ ಹೋಗಿದ್ದಾರೆ’ ಎಂದರು. ಎರಡನೆಯ ಸಲ ಹಿಂದಿನಿಂದ ನಿಮ್ಮ ಕೆಮ್ಮು ಕೇಳಿಸಿತು. ಅವರಿಗೂ ನನಗೆ ಕೇಳಿಸಿದ್ದು ತಿಳಿದಿರಬೇಕು. ಇಬ್ಬರೂ ಸ್ವಲ್ಪ ಹೊತ್ತು ಹವೆಯ ಬಗ್ಗೆ ಮಾತನಾಡಿದೆವು.

ಕಾರು ಬಂದಿದೆ. ಕೀಲಿ ಕೊಟ್ಟವರು ಯಾರೋ ಹೊಸಬರು. ಸಪ್ಪಳವೆಂಬುದು ಇಲ್ಲವೇ ಇಲ್ಲ. ಬೆಳಗ್ಗೆ ಚಾಲೂ ಮಾಡಿದ ಮೇಲೆ, ಚಾಲೂ ಆಗಿದೆಯೋ ಇಲ್ಲವೋ ಎಂದು ಮೀಟರಿನ ಮುಳ್ಳು ನೋಡಬೇಕು. ಕಾಂಚನಾಗೆ ಸಂತೋಷ. ನನಗೆ ಮಾತ್ರ ಆ ನಿಶ್ಶಬ್ದದಲ್ಲಿ ಕೂರಲು ಆಗುತ್ತಿಲ್ಲ. ಎರಡು ವಾರದಿಂದ ಮತ್ತೆ ಬೆಳಗಿನ ಲೋಕಲ್ ಹಿಡಿಯುತ್ತಿದ್ದೇನೆ. ದೀವಾದಲ್ಲಿ ಹತ್ತುವವರ ನೂಕಿನಲ್ಲಿ ಏನನ್ನೂ ಯೋಚಿಸಲು ಜಾಗವಿರುವುದಿಲ್ಲ, ಅದು ಅನುಕೂಲ.

ಒಮ್ಮೆ ಬನ್ನಿ. ಬಾನೆಟ್ ಎತ್ತಿ ಕೇಳಿ ನೋಡಿ. ನಾನು ಕಂಪನಿಗೆ ಏನಾದರೂ ಬರೆಯಬೇಕಿದ್ದರೆ ಹೇಳಿ, ಬರೆಯುತ್ತೇನೆ. ಏನು ಬರೆಯಬೇಕೆಂಬುದನ್ನು ನೀವೇ ಹೇಳಿದರೆ ಸುಲಭ.

ನಿಮ್ಮ ದಾರಿ ನೋಡುತ್ತಿರುವ,
ಗುರುವಪ್ಪ


ಐರೋಲಿ
2 ನವೆಂಬರ್ 2024

ಗುರುವಪ್ಪನವರೆ,

ಕಂಪನಿಗೆ ಏನೂ ಬರೆಯುವುದು ಬೇಡ.

ಭಿವಂಡಿಯ ಗೋದಾಮುಗಳ ಹತ್ತಿರ ಸತ್ಯಭಾಮಾಳ ತಮ್ಮ ಪುಂಡರೀಕಾಕ್ಷನ ಹೋಟೆಲಿದೆ. ಅಲ್ಲಿ ಕೂಪನ್ ಕೊಡಲು ಕೂರುತ್ತಿದ್ದೇನೆ. ಗಿರಾಕಿಗಳು ಇಡ್ಲಿ ಎಂದರೆ ಎಲ್ಲ ಭಾಷೆಯಲ್ಲೂ ಇಡ್ಲಿಯೇ, ಕಷ್ಟವಿಲ್ಲ. ಐರೋಲಿಯ ಮನೆ ಬಾಡಿಗೆಯದು, ಇಷ್ಟರಲ್ಲೇ ಖಾಲಿ ಮಾಡುತ್ತೇವೆ.

ಹೊಸ ಇಂಜಿನ್. ಮೊದಲ ಸಾವಿರ ಕಿಲೋಮೀಟರಿನವರೆಗೆ ವೇಗವಾಗಿ ಚಲಾಯಿಸಬೇಡಿ. ಚಲಾಯಿಸದೆ ಬಹಳ ದಿನ ನಿಲ್ಲಿಸಿಯೂ ಇಡಬೇಡಿ. ಕೆಂಪು ದೀಪ ಕಂಡರೆ ಚಲಾಯಿಸುವುದನ್ನು ತಕ್ಷಣ ನಿಲ್ಲಿಸಿ, ಎಳೆದೊಯ್ಯುವ ವಾಹನವನ್ನು ಕರೆಸಿ.

ಸರ್ವೋತ್ತಮ


ಡೊಂಬಿವಲಿ ಪೂರ್ವ
16 ಮಾರ್ಚ್ 2025

ಸರ್ವೋತ್ತಮರೆ,

ಜನವರಿಯಲ್ಲಿ ಹಾಕಿದ ಕಾಗದ ವಾಪಸು ಬಂತು. ಲಕೋಟೆಯ ಮೇಲೆ ಟಪಾಲಿನವನು ಮರಾಠಿಯಲ್ಲಿ ‘ಘರ ಸೋಡೂನ ಗೇಲೆ’ ಎಂದು ಬರೆದಿದ್ದಾನೆ. ಮನೆ ಬಿಟ್ಟು ಹೋದರು. ಮೂರನೆಯ ಭಾಷೆಯಲ್ಲಿ ಆ ಪದಕ್ಕೆ ಒಂದೇ ಅರ್ಥವಿದ್ದಂತೆ ಕಂಡಿತು.

ಕಳೆದ ಭಾನುವಾರ ಭಿವಂಡಿಗೆ ಹೋಗಿದ್ದೆ. ಬಸ್ಸಿನಲ್ಲಿ. ಹೋಟೆಲಿನ ಗಲ್ಲೆಯಲ್ಲಿ ಪುಂಡರೀಕಾಕ್ಷರೇ ಕೂತಿದ್ದರು. ಹೆಸರು ಹೇಳಿದ ಕೂಡಲೇ ಗುರುತು ಹಿಡಿದರು. ‘ಭಾವ ಸಂಕ್ರಾಂತಿ ಆದ್ಮೇಲೆ ಮಗನ ಹತ್ರ ಹೋದ್ರು. ಎಲ್ಲಿಗೆ ಅಂತ ನಿಮಗೆ ಹೇಳ್ಬಾರ್ದು ಅಂದಿದ್ದಾರೆ. ನನ್ನ ಮೇಲೆ ಬೇಜಾರ್ ಮಾಡ್ಬೇಡಿ ಮಾರಾಯ್ರೆ. ಕಾಫಿ ಕುಡೀರಿ, ಬಿಸಿ ಗೋಳಿಬಜೆ ಉಂಟು’ ಎಂದರು. ಕಾಫಿ ಕುಡಿದೆ. ನಿಮಗೆ ಎಂದರೆ ಯಾರೇ ಕೇಳಿದರೂ ಎಂದೋ, ನನಗೆ ಮಾತ್ರ ಎಂದೋ, ಕೇಳಲಿಲ್ಲ.

ಹಾಗಾಗಿ ಈ ಕಾಗದಕ್ಕೆ ವಿಳಾಸವಿಲ್ಲ. ವಿಳಾಸವಿಲ್ಲವೆಂದೇ ಬರೆಯಲು ಆಗುತ್ತಿದೆಯೋ ಏನೋ.

ನಿಮ್ಮ ಕೊನೆಯ ಕಾಗದದಲ್ಲಿ ‘ಚಲಾಯಿಸು’ ಎಂಬುದು ಮೂರು ಸಲ ಬಂದಿದೆ. ಆ ಪದವನ್ನು ನಿಮ್ಮ ಬಾಯಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಯಾವ ಊರಿನವನಿಗೂ ಎರಡು ಅರ್ಥ ಬಾರದ ಪದ. ನನಗಾಗಿ ಹುಡುಕಿ ಹಾಕಿದ್ದು.

ಮುಂಚಿನ ವರ್ಷದ ಮಳೆಗಾಲದಲ್ಲಿ, ಕಾರು ಕೊಳ್ಳುವುದಕ್ಕೆ ಮೊದಲು, ಹನ್ನೊಂದು ಭಾನುವಾರ ಘನ್ಸೋಲಿಯ ಖಾಲಿ ಪ್ಲಾಟಿನಲ್ಲಿ ನೀವು ನನಗೆ ಗಾಡಿ ಕಲಿಸಿದಿರಿ. ನಿಮ್ಮದೇ ಹಳೆಯ ಕಾರು. ಐವತ್ತೈದು ದಾಟಿದವನು ಡ್ರೈವಿಂಗ್ ಶಾಲೆಯ ಹುಡುಗರ ಸಾಲಿನಲ್ಲಿ ಕೂರಲಾರೆ ಎಂದಿದ್ದಕ್ಕೆ. ಮೊದಲ ಭಾನುವಾರ ಪಕ್ಕದಲ್ಲಿ ಕೂತು ‘ಹಾಂ, ಈಗ ಗಾಡಿ ಬಿಡಿ’ ಎಂದಿರಿ. ನಾನು ಬಾಗಿಲು ತೆಗೆದು ಇಳಿದು ನಿಂತೆ. ನೀವು ಮೊದಲು ನನ್ನ ಮುಖ ನೋಡಿದಿರಿ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ‘ಬಿಡಿ ಅಂದ್ರೆ ಇಳಿಯುದಾ? ಹಾಗಾದ್ರೆ ನಮ್ಮೂರಲ್ಲಿ ಬಸ್ಸು ಬಿಡುವವ್ರೆಲ್ಲ ರಸ್ತೆಯಲ್ಲೇ ಇರ್ಬೇಕಲ್ಲ ಮಾರಾಯ್ರೆ!’ ಎಂದಿರಿ. ಹತ್ತನೆಯ ಭಾನುವಾರದ ಹೊತ್ತಿಗೆ ಆ ಪದ ನನ್ನ ಕಾಲಿಗೇ ತಿಳಿಯುತ್ತಿತ್ತು. ನೀವು ಬಿಡಿ ಎಂದರೆ ಕಾಲು ತಾನಾಗಿ ಕ್ಲಚ್ಚಿನಿಂದ ಏಳುತ್ತಿತ್ತು.

ಜೂನ್ ಎಂಟರಂದು ಹಿಂದಿನ ಸೀಟಿನಲ್ಲಿ ಶಂಕ್ರೆಪ್ಪನವರಿದ್ದರು. ಗಾಡಿ ಬದಿಗೆ ನಿಂತ ಕೂಡಲೇ, ‘ನಿಂತ್ತೇನ್ರಿ ಸಾಹೇಬ್ರ? ನಾ ಮೊದಲ ಹೇಳಿದ್ದೆ, ಬಸ್ಸಿಗೆ ಹೋಗೂಣು ಅಂತ. ಈಗ ನಾನ ಇಳದು ನೂಕಲೇನು?’ ಎಂದರು. ಕಾಂಚನಾ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಮದುವೆಯಾದಂದಿನಿಂದ ಅವರ ಮುಂದೆ ಒಂದು ವಸ್ತುವನ್ನು ಪೂರ್ತಿ ನನ್ನದೆಂದು ನಾನು ತೋರಿಸಿರಲಿಲ್ಲ. ಆಗ ನಿಮ್ಮ ದನಿ ಬಂತು. ಗಾಡಿ ಬಿಡ್ಬೇಡಿ.

ಅರ್ಥವಾಯಿತು. ಲಾರಿಯ ಹಾರ್ನಿನ ನಡುವೆಯೂ, ಪೂರ್ತಿ, ನೀವು ಯಾವ ಅರ್ಥದಲ್ಲಿ ಹೇಳಿದಿರೋ ಅದೇ ಅರ್ಥದಲ್ಲಿ. ಫೋನ್ ಇಟ್ಟು, ‘ಏನೂ ಆಗಿಲ್ಲಂತ, ಬರ್ರಿ ಅಂದಾರ’ ಎಂದು ಅವರಿಗೆ ಹೇಳಿದೆ. ಗಾಡಿ ಹೊಡೆದೆ.

ಆ ಇನ್ನೊಂದು ಅರ್ಥ ನನಗೆ ಹೊಳೆದದ್ದು ಮಧ್ಯಾಹ್ನ, ನಿಂತ ಗಾಡಿಯನ್ನು ಎಳೆಸಿ ತಂದ ಮೇಲೆ. ನಿಮ್ಮ ವರ್ಕ್‌ಶಾಪಿನ ಸೋಫಾದಲ್ಲಿ ಕಾಗದದ ಲೋಟ ಹಿಡಿದು ಕೂತಿದ್ದಾಗ. ನೀವು ಗಾಜಿನ ಆಚೆ ನನ್ನ ಇಂಜಿನ್ನಿನ ಮೇಲೆ ಬಗ್ಗಿದ್ದಿರಿ. ಪರರ ಕ್ಲೇಮುಗಳಲ್ಲಿ ಇಂಥ ಸಂದುಗಳನ್ನು ಹುಡುಕುವುದೇ ನನ್ನ ಉದ್ಯೋಗ. ಕಂಡ ಕೂಡಲೇ ಗುರುತು ಸಿಕ್ಕಿತು. ಆಮೇಲೆ ಬರೆದ ದೂರಿನಲ್ಲಿ ಒಂದೂ ಸುಳ್ಳು ವಾಕ್ಯವಿಲ್ಲ, ಬೇಕಾದರೆ ತೆಗೆದು ನೋಡಿ. ನಮ್ಮ ಭಾಗದಲ್ಲಿ ಹೀಗೆ, ಅವರ ಭಾಗದಲ್ಲಿ ಹಾಗೆ ಎಂದಿದೆ. ನನಗೆ ತಿಳಿಯಲಿಲ್ಲ ಎಂದು ಎಲ್ಲೂ ಇಲ್ಲ. ಸುಳ್ಳು ಇದ್ದದ್ದು ನಿಮಗೆ ಬರೆದ ಮೊದಲ ಕಾಗದದಲ್ಲಿ.

ಅದನ್ನು ಓದಿದ ದಿನವೇ ನಿಮಗೆ ಎಲ್ಲ ತಿಳಿದಿತ್ತು. ಒಂದೇ ಒಂದು ಸಾಲು ಬರೆದಿದ್ದರೆ ಸಾಕಿತ್ತು, ಘನ್ಸೋಲಿ ಎಂದು. ನೀವು ಬರೆಯಲಿಲ್ಲ. ನಾನು ಬರೆಯುತ್ತೇನೆಂದು ಕಾದಿರಬೇಕು. ಜುಲೈ ಕಾದಿರಿ, ಆಗಸ್ಟ್ ಕಾದಿರಿ. ಅವರು ಒಳಗೆ ಕೂರಿಸಿ ಕೇಳುವ ಹೊತ್ತಿನವರೆಗೂ.

ಕಂಪನಿಗೆ ಒಂದು ಕಾಗದ ಬರೆದು ಮೇಜಿನ ಮೇಲಿಟ್ಟಿದ್ದೇನೆ. ‘ನನಗೆ ಅರ್ಥವಾಗಿತ್ತು’ ಎಂದು ಅದರಲ್ಲಿದೆ. ಪ್ರಾಜಕ್ತಾ ಟೈಪ್ ಮಾಡಿ ಮುಗಿಸಿದ್ದಾಳೆ, ಈ ಸಲ ಏನೂ ಕೇಳಲಿಲ್ಲ. ಎಂಟು ದಿನವಾಯಿತು. ಅವರು ಇಂಜಿನ್ ಕಿತ್ತುಕೊಂಡು ಹೋಗಲಿ ಎಂಬಷ್ಟು ಧೈರ್ಯ ಕೆಲವು ದಿನ ಬೆಳಗ್ಗೆ ಬರುತ್ತದೆ. ಅದರಿಂದ ನಿಮ್ಮ ಕುರ್ಚಿ ನಿಮಗೆ ಮರಳುವುದಿಲ್ಲ ಎಂಬುದೂ ಅದೇ ಬೆಳಗ್ಗೆ ತಿಳಿಯುತ್ತದೆ. ನಾಳೆ ಠಾಣೆಯ ಟಪಾಲು ಕಚೇರಿಯಲ್ಲಿ ಹಾಕುತ್ತೇನೆ ಎಂದು ಇವತ್ತೂ ಅಂದುಕೊಂಡಿದ್ದೇನೆ.

ನಿಮ್ಮ ಗಿರಾಕಿ,
ಗುರುವಪ್ಪ

ತಾ.ಕ. ಆ ಚಿಕ್ಕ ಪ್ರಾಯದವರು, ಈ ಗಿರಾಕಿಗೆ ಗೊತ್ತಿತ್ತೇ ಎಂದು ಕೇಳಿದಾಗ, ಇಲ್ಲ ಎನ್ನುವ ಮೊದಲು ನೀವು ಎಷ್ಟು ಹೊತ್ತು ಸುಮ್ಮನಿದ್ದಿರಿ?